ಹಸಿರು ಕಾಲಂ ನಂಬಿ ಕೆಟ್ಟೆವು

ಮಾನ್ಯ ಸಂಪಾದಕರೇ,

ಖಿನ್ನತೆಗೆ ಯಾವ ಮಾತ್ರೆ ಸರಿ ಎಂದು ಜೀನ್ ಪರೀಕ್ಷೆಯೇ ಹೇಳಿಬಿಡುತ್ತದೆ ಎಂಬ ನಿಮ್ಮ ಭಾನುವಾರದ ವರದಿ ಓದಿ ಮೈ ಉರಿಯಿತು. ವರದಿಗಾರರು ನನ್ನ ತಮ್ಮನಿಗೆ ಚಿಕಿತ್ಸೆ ನಡೆಯುತ್ತಿರುವ ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಕೂತು ಬಂದಿದ್ದರೆ ಇಷ್ಟು ಸಂಭ್ರಮ ಇರುತ್ತಿರಲಿಲ್ಲ.

ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟರೂ ಜಗ್ಗದ ಖಿನ್ನತೆ ನನ್ನ ತಮ್ಮನದು. ಈ ಜೀನ್ ಪರೀಕ್ಷೆಗೆಂದು ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿಕೊಂಡು ಹೋದ ಲ್ಯಾಬಿನವರು ಬಣ್ಣಬಣ್ಣದ ರಿಪೋರ್ಟ್ ಕಳಿಸಿದರು. ಹಸಿರು, ಹಳದಿ, ಕೆಂಪು ಕಾಲಂಗಳು. ಹಸಿರಿನಲ್ಲಿ ಮೊದಲ ಹೆಸರೇ ಡೆಸ್‌ವೆನ್ಲಫಾಕ್ಸಿನ್ ಎಂಬ ಖಿನ್ನತೆಯ ಮಾತ್ರೆ. ಅದನ್ನು ತಿಂಗಳುಗಟ್ಟಲೆ ನುಂಗಿಯೂ ಅವನು ಹಾಸಿಗೆ ಬಿಟ್ಟು ಏಳಲಿಲ್ಲ ಸ್ವಾಮಿ! ಫೋನ್ ಮಾಡಿ ಕೇಳಿದರೆ, ಹಸಿರು ಅಂದರೆ ಕೆಲಸ ಮಾಡುತ್ತದೆ ಅಂತಲ್ಲವಂತೆ, ಜೀನ್ ದೃಷ್ಟಿಯಿಂದ ಅಡ್ಡಿಯಿಲ್ಲ ಅಂತಷ್ಟೇ ಅಂತೆ. ಈ ಮಾತನ್ನು ಹಣ ಕಟ್ಟಿಸಿಕೊಳ್ಳುವ ಮುಂಚೆ ಹೇಳಿದ್ದರೆ ಬಾಯಿ ಸವೆಯುತ್ತಿತ್ತೇ?

ಹಾಗಂತ ಆ ರಿಪೋರ್ಟ್ ಪೂರ್ತಿ ಬೊಗಳೆಯೂ ಅಲ್ಲ. ಔಷಧಿಯನ್ನು ಕರಗಿಸುವ ಸಿವೈಪಿ2ಸಿ19 ಎಂಬ ಕಿಣ್ವ ಇವನಲ್ಲಿ ಅತಿ ಚುರುಕು, ಎಸ್ಸಿಟಲೋಪ್ರಾಮ್ ಎಂಬ ಖಿನ್ನತೆಯ ಔಷಧಿ ರಕ್ತದಲ್ಲಿ ನಿಲ್ಲುವ ಮೊದಲೇ ಲಿವರ್ ಅದನ್ನು ಮುಗಿಸಿಬಿಡುತ್ತದೆ, ಬೇರೆ ಔಷಧಿ ಯೋಚಿಸಿ ಎಂದು ಕೆಂಪಿನಲ್ಲಿ ಸ್ಪಷ್ಟವಾಗಿ ಬರೆದಿದೆ. ನಿನ್ನೆ ಅದನ್ನು ಮನೋವೈದ್ಯರ ಮೇಜಿನ ಮೇಲಿಟ್ಟರೆ ಆ ಮಹಾನುಭಾವರು ಮಡಿಕೆ ಸಹ ಬಿಚ್ಚಲಿಲ್ಲ. ‘ನಾವು ಇದನ್ನೆಲ್ಲ ನೋಡಲ್ಲ’ ಎಂದು ಹಿಂದಕ್ಕೆ ತಳ್ಳಿ ಚೀಟಿಯಲ್ಲಿ ಬರೆದದ್ದೇನು? ಅದೇ ಎಸ್ಸಿಟಲೋಪ್ರಾಮ್! ವಿಮೆಯವರದು ಇನ್ನೊಂದು ರಾಗ: ಪರೀಕ್ಷೆ ಅನಿವಾರ್ಯವಾಗಿತ್ತು ಎಂದು ವೈದ್ಯರಿಂದ ಬರೆಸಿಕೊಂಡು ಬನ್ನಿ. ನೋಡದವರು ಬರೆದುಕೊಡುತ್ತಾರೆಯೇ?

ಇಂಥ ಪರೀಕ್ಷೆಗಳ ಅತಿಯಾದ ಭರವಸೆ ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಅಲ್ಲಿನ ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಪರೀಕ್ಷೆ ನೋಡಿ ಔಷಧಿ ಕೊಟ್ಟವರಲ್ಲಿ ಗುಣವಾದವರು ತುಸು ಹೆಚ್ಚು, ಅದೂ 24ನೇ ವಾರಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ನಿಮ್ಮ ವರದಿಯಲ್ಲಿ ಇದರ ಸುಳಿವೇ ಇಲ್ಲ. ಲ್ಯಾಬಿನ ಮುಖ್ಯಸ್ಥರ ನಗುವ ಫೋಟೊಕ್ಕೆ ಮಾತ್ರ ಧಾರಾಳ ಜಾಗ.

ಆರೋಗ್ಯ ಇಲಾಖೆಯ ಸಾಹೇಬರಿಗೆ ದೂರು ಕೊಡೋಣವೆಂದರೆ, ಅವರು ಸೀಟಿನಲ್ಲಿ ಸಿಗುವುದು ಉದ್ಘಾಟನೆ ಇಲ್ಲದ ದಿನ ಮಾತ್ರ. ಹಿಂದೆ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಹೋದಾಗ ಇದೇ ಕಚೇರಿಯ ಗುಮಾಸ್ತ ತಮ್ಮನನ್ನು ಮೇಲಿಂದ ಕೆಳಗೆ ನೋಡಿ, ‘ಚೆನ್ನಾಗೇ ಇದ್ದಾನಲ್ಲ, ಏನಾಗಿದೆ?’ ಎಂದಿದ್ದ. ಆ ಅರ್ಜಿ ಯಾವ ಕಪಾಟಿನಲ್ಲಿದೆಯೋ. ಜಗ್ಗದ ಖಿನ್ನತೆಗೆ ಜೊತೆಗೆ ಕೊಡುವ ಲಿಥಿಯಂ ಸ್ಟಾಕ್ ಇಲ್ಲ ಎಂಬ ಬೋರ್ಡ್ ಮಾತ್ರ ಆ ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಎಂದೂ ಕೆಳಗಿಳಿಯುವುದಿಲ್ಲ. ಅದು ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಯಂತ್ರ ಕೆಟ್ಟದ್ದು ಬೇರೆ ಕತೆ.

ಈ ಪರೀಕ್ಷೆ ಪ್ರಯೋಜನವಿಲ್ಲದ್ದಾದರೆ ನಿಲ್ಲಿಸಿ. ಇದೆಯೆಂದಾದರೆ ಎಲ್ಲ ಆಸ್ಪತ್ರೆಗಳಲ್ಲೂ ಉಚಿತವಾಗಿ ಮಾಡಿಸಿ, ವೈದ್ಯರಿಗೆ ಓದುವುದನ್ನಾದರೂ ಕಲಿಸಿ. ಎರಡೂ ಆಗದಿದ್ದರೆ ಸಂಬಂಧಪಟ್ಟವರು ಕುರ್ಚಿ ಖಾಲಿ ಮಾಡಲಿ. ಸಂಬಂಧಪಟ್ಟವರು ಯಾರು ಅಂತಲಾದರೂ ಯಾರಾದರೂ ಹೇಳಲಿ!

— ರೋಸಿಹೋದ ಓದುಗ