ರೋಡಮೈನ್‌ನ ಇನ್ನೊಂದು ಸುದ್ದಿ

ಸಂಪಾದಕರಿಗೆ ನಮಸ್ಕಾರ.

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಎಂದು ಸರ್ಕಾರ ಆದೇಶ ಮಾಡಿದಾಗ ರೋಡಮೈನ್-ಬಿ ಹೆಸರು ಎಲ್ಲರ ಬಾಯಲ್ಲೂ ಓಡಾಡಿತು. ಇಳಕಲ್‌ನಲ್ಲಿ ನೂಲಿಗೆ ಬಣ್ಣ ಹಾಕುವ ನನಗೆ ಅದು ಹೊಸದಲ್ಲ. ರೇಷ್ಮೆ ಲಡಿಗೆ ಕಣ್ಣು ಕುಕ್ಕುವ ಗುಲಾಬಿ ಬೇಕೆಂದರೆ ಹಂಡೆಗೆ ಚಿಟಿಕೆಯಷ್ಟು ಹಾಕುತ್ತಿದ್ದ ಪುಡಿ ಅದು. ಕೈಗೆ ಹತ್ತಿದರೆ ಮೂರು ದಿನ ಉಜ್ಜಿದರೂ ಹೋಗುವುದಿಲ್ಲ. ಅಂಥದ್ದನ್ನು ಮಕ್ಕಳ ಹೊಟ್ಟೆಗೆ ಹಾಕಬಾರದು, ಆದೇಶ ಸರಿಯಾಗೇ ಇದೆ. ಆದರೆ ಇದೇ ಬಣ್ಣದ ಇನ್ನೊಂದು ಸುದ್ದಿ ನನಗೆ ಗೊತ್ತು. ಅದನ್ನು ಹೇಳಲು ಈ ಪತ್ರ.

ನನ್ನ ಮಗಳು ಬೆಂಗಳೂರಿನಲ್ಲಿ ಜೀವಭೌತ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಊರಲ್ಲಿ ಯಾರಾದರೂ ಕೇಳಿದರೆ 'ಮೈಕ್ರೋಸ್ಕೋಪಿನ ಕೆಲಸ' ಅನ್ನುತ್ತಿದ್ದೆ. ನನಗೆ ಗೊತ್ತಿದ್ದದ್ದೂ ಅಷ್ಟೇ. ಕಳೆದ ದೀಪಾವಳಿ ಮುಗಿಸಿಕೊಂಡು ಅವಳ ಲ್ಯಾಬಿಗೆ ಹೋಗಿದ್ದೆ. ಕತ್ತಲೆ ಕೋಣೆ. ಮೇಜಿನ ತುಂಬ ಸಣ್ಣ ಸಣ್ಣ ಕನ್ನಡಿ, ಒಂದು ಹಸಿರು ಲೇಸರ್. ಬೆರಳುದ್ದದ ಬಾಟಲಿ ತೋರಿಸಿ, "ಅಪ್ಪಾ, ಇದು ನಿನ್ನ ಹಂಡೆದ್ದ ಜಾತಿ ನೋಡಪಾ" ಎಂದಳು. ರೋಡಮೈನ್ ಕುಲದ ಬಣ್ಣ ಅದು.

ಹಸಿರು ಬೆಳಕು ಬಿದ್ದರೆ ಅದು ಕಿತ್ತಳೆಯಾಗಿ ಹೊಳೆಯುತ್ತದೆ. ತಗೊಂಡ ಶಕ್ತಿಯಲ್ಲಿ ಸ್ವಲ್ಪ ಕಳೆದುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತದೆ, ಅದಕ್ಕೇ ಬಣ್ಣ ಬೇರೆ. ಹಸಿರನ್ನು ತಡೆದು ಕಿತ್ತಳೆಯನ್ನಷ್ಟೇ ಬಿಡುವ ಗಾಜು ನಡುವೆ ಇಟ್ಟರೆ ಸಾಕು. ಕಪ್ಪು ಪರದೆಯ ಮೇಲೆ ಚುಕ್ಕಿ ಚುಕ್ಕಿ ಕಾಣುತ್ತವೆ. ಒಂದು ಚುಕ್ಕಿ ಅಂದರೆ ಒಂದು ಅಣು.

ನನಗೆ ನಂಬಿಕೆ ಬರಲಿಲ್ಲ. ಒಂದೇ ಅಂತ ಹೇಗೆ ಗೊತ್ತು ಎಂದು ಕೇಳಿದೆ. "ತಡಿ, ಆರೋದು ನೋಡು" ಎಂದಳು. ಬಣ್ಣ ಮಾಸುವುದನ್ನು ನಾನು ನಲವತ್ತು ವರ್ಷ ನೋಡಿದ್ದೇನೆ. ಬಿಸಿಲಲ್ಲಿ ಮರೆತು ಬಿಟ್ಟ ಲಡಿ ದಿನದಿನಕ್ಕೆ ತಿಳಿಯಾಗುತ್ತದೆ, ಯಾವತ್ತು ಮಾಸಿತು ಅಂತ ಹೇಳಲಾಗದು. ಇಲ್ಲಿ ಹಾಗಲ್ಲ. ಒಂದೇ ಸಮ ಹೊಳೆಯುತ್ತಿದ್ದ ಚುಕ್ಕಿ ಇದ್ದಕ್ಕಿದ್ದಂತೆ ಆರಿತು, ಯಾರೋ ಸ್ವಿಚ್ ಒತ್ತಿದ ಹಾಗೆ. ಎರಡು ಅಣು ಜೊತೆಗಿದ್ದರೆ ಮೊದಲು ಅರ್ಧ ಮಂಕಾಗಿ, ಆಮೇಲೆ ಆರುತ್ತದೆಯಂತೆ. ಕೋಟಿ ಕೋಟಿ ಅಣುಗಳು ಹೀಗೆ ಒಂದೊಂದಾಗಿ ಆರುವುದನ್ನೇ ನಾವು ಮಾಸುವುದು ಅನ್ನುತ್ತೇವೆ. ಇಷ್ಟು ವರ್ಷ ಕಸುಬು ಮಾಡಿ ಇದು ನನಗೆ ತಿಳಿದಿರಲಿಲ್ಲ.

ಮಗಳು ನೋಡುತ್ತಿರುವುದು ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುವ ಒಂದು ಪ್ರೋಟೀನನ್ನು. ಡಿಎನ್‌ಎ ದಪ್ಪ ಬರೀ 2 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರ ಇರುವ ಎರಡು ವಸ್ತು ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಬೇರೆ ಬೇರೆಯಾಗಿ ಕಾಣುವುದಿಲ್ಲ. ಈ ಮಿತಿಯನ್ನು 1873ರಲ್ಲೇ ಜರ್ಮನಿಯ ಅರ್ನ್ಸ್ಟ್ ಅಬ್ಬೆ ಹೇಳಿದ್ದರು. ಅದನ್ನು ದಾಟಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು, ಅವರಿಗೂ ದಾರಿ ತೋರಿಸಿದ್ದು ಹೊಳೆಯುವ ಬಣ್ಣಗಳೇ. ಮಗಳ ಉಪಾಯ ಬೇರೆ. ಒಂದು ಎಳೆಗೆ ಕಿತ್ತಳೆ, ಇನ್ನೊಂದಕ್ಕೆ ಕೆಂಪು ಬಣ್ಣ ಕಟ್ಟುತ್ತಾಳೆ. ಎರಡೂ 10 ನ್ಯಾನೊಮೀಟರ್ ಒಳಗಿದ್ದರೆ ಕಿತ್ತಳೆ ತಾನು ಪಡೆದ ಶಕ್ತಿಯನ್ನು ಕೆಂಪಿಗೆ ದಾಟಿಸುತ್ತದೆ, ಕೆಂಪು ಹೊಳೆಯುತ್ತದೆ. ಎಳೆ ದೂರವಾದರೆ ದಾಟಿಸಲು ಆಗದು, ಕಿತ್ತಳೆಯೇ ಹೊಳೆಯುತ್ತದೆ. ಪರದೆಯ ಮೇಲೆ ಯಾವ ಬೆಳಕು ಎಷ್ಟಿದೆ ಎಂದು ತೋರಿಸುವ ಗೆರೆಗಳಲ್ಲಿ ಕೆಂಪು ಗೆರೆ ಇಳಿದು ಕಿತ್ತಳೆ ಗೆರೆ ಏರಿತು ಅಂದರೆ ಎಳೆ ಬಿಟ್ಟಿತು ಅಂತ ಲೆಕ್ಕ.

ಇಂಥ ಹೊಳೆಯುವ ಬಣ್ಣಗಳಲ್ಲಿ ಹಳೆಯದಾದ ಫ್ಲೋರೆಸಿನ್ ಅನ್ನು 1871ರಲ್ಲಿ ಮಾಡಿದ ಅಡಾಲ್ಫ್ ಫಾನ್ ಬೇಯರ್ ಅವರೇ ಮುಂದೆ ನೂಲಿಗೆ ಹಾಕುವ ನೀಲಿಯನ್ನೂ ಲ್ಯಾಬಿನಲ್ಲಿ ತಯಾರಿಸಿದರಂತೆ. ಕೇಳಿ ನನಗೆ ತುಂಬ ಖುಷಿಯಾಯಿತು. ಅವರು ನಮ್ಮ ಕಸುಬಿನವರೇ ಅಲ್ವಾ?

ಸಂಪಾದಕರೇ, ಇಂಥ ಸಂಶೋಧನೆ ಪತ್ರಿಕೆಗಳಲ್ಲಿ ಬಂದರೆ ನಾಲ್ಕು ಸಾಲು ಬರುತ್ತದೆ. ಕೊನೆಗೆ, ಮುಂದೆ ಕ್ಯಾನ್ಸರ್‌ಗೆ ಮದ್ದು ಸಿಗಬಹುದು ಅಂತ ಒಂದು ಮಾತು. ಹೇಗೆ ನೋಡಿದರು, ಹೇಗೆ ಖಾತ್ರಿ ಮಾಡಿಕೊಂಡರು ಅನ್ನೋದೇ ಇರುವುದಿಲ್ಲ. ಓದುಗರಿಗೆ ತಿಳಿಯುವುದಿಲ್ಲ ಎಂದು ಬಿಡುತ್ತಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಎಳೆ, ಹುರಿ, ಬಣ್ಣ ಗೊತ್ತಿಲ್ಲದವರು ಯಾರಿದ್ದಾರೆ? ವಾರಕ್ಕೊಮ್ಮೆ ಅರ್ಧ ಪುಟ ಕೊಡಿ. ಕೆಲಸ ಮಾಡುವ ಹುಡುಗ ಹುಡುಗಿಯರಿಂದಲೇ ಬರೆಸಿ. ಕನ್ನಡದಲ್ಲಿ ಹೇಳುವ ಆಸೆ ಅವರಿಗೂ ಇದೆ, ಶಬ್ದ ಸಿಗದೆ ಒದ್ದಾಡುತ್ತಾರೆ.

ಅವತ್ತು ಮಗಳೂ ಒದ್ದಾಡುತ್ತಿದ್ದಳು. "ಇದು ಹುರಿ ಬಿಚ್ಚೋದಲ್ಲೇನವಾ?" ಎಂದು ನಾನು ಕೇಳಿದೆ. ಅವಳು ಒಂದು ಗಳಿಗೆ ಸುಮ್ನೆ ನಿಂತಳು. ಆಮೇಲೆ ಗೋಡೆಯ ಬಿಳಿ ಬೋರ್ಡಿನಲ್ಲಿ ಇಂಗ್ಲಿಷ್ ಹೆಸರಿನ ಪಕ್ಕ 'ಹುರಿ' ಎಂದು ಬರೆದಳು. ಮೊನ್ನೆ ಫೋನಿನಲ್ಲಿ ಕೇಳಿದೆ, ಇನ್ನೂ ಅಳಿಸಿಲ್ಲವಂತೆ.

— ನೂಲಿನ ಬಣ್ಣಗಾರ, ಇಳಕಲ್, ಬಾಗಲಕೋಟೆ ಜಿಲ್ಲೆ