ಸ್ಕಾರ್ಲಟಿನಾ ಎಂದು ಬರೆದ ಚೀಟಿಯ ಬಗ್ಗೆ

ಚಿ. ಸೌ. ವಸುಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಿಕ್ಕ ಸಂಗತಿಗಳೆಲ್ಲ ಇರಲಿ. ‘ಡಾಕ್ಟರು ಸ್ಕಾರ್ಲೆಟ್ ಫೀವರ್ ಅಂದರು, ಚೀಟಿಯಲ್ಲಿ ಸ್ಕಾರ್ಲಟಿನಾ ಅಂತಿದೆ, ಎರಡೂ ಸೇರಿ ಪಾಪುವಿನ ಹೃದಯಕ್ಕೆ ತಗಲುತ್ತಾ?’ ಎಂದು ಕೇಳಿದ್ದೀಯಲ್ಲ, ಆ ಸಾಲೇ ಮನಸ್ಸು ಕಲಕಿತು.

ಕಾಯಿಲೆ ಒಂದೇ ಕಣಮ್ಮ. 17ನೇ ಶತಮಾನದಲ್ಲಿ ಥಾಮಸ್ ಸಿಡೆನ್‌ಹ್ಯಾಮ್ ಎಂಬ ಇಂಗ್ಲಿಷ್ ವೈದ್ಯ ಇದನ್ನು ಫೆಬ್ರಿಸ್ ಸ್ಕಾರ್ಲಟಿನಾ ಎಂದು ವಿವರಿಸಿದ. ವೈದ್ಯರ ಬರಹದಲ್ಲಿ ಆ ಹೆಸರು ಉಳಿಯಿತು. ಐಸಿಡಿ-10 ಎಂಬ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡಕ್ಕೂ ಎ38 ಎಂಬ ಒಂದೇ ಸಂಕೇತ. ಸೌಮ್ಯವಾಗಿದ್ದರೆ ಮಾತ್ರ ಸ್ಕಾರ್ಲಟಿನಾ ಅನ್ನುವವರಿದ್ದಾರೆ. ಅದನ್ನು ನಂಬಿ ಔಷಧಿ ಸಡಿಲ ಬಿಡಬೇಡ. ‘ಸ್ಕಾರ್ಲಟಿನಿಫಾರ್ಮ್’ ಅಂತಿದ್ದರೆ ಮಾತ್ರ ಬೇರೆ. ಅದು ಆ ಬಗೆಯ ಕೆಂಪು ದದ್ದು ಎಂದಷ್ಟೇ, ಔಷಧಿ ಒಗ್ಗದಿದ್ದರೂ ಏಳಬಹುದು.

ಇನ್ನು ಹೃದಯ. ಗಂಟಲಿನ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಬಿಡುವ ವಿಷದಿಂದ ಮೈ ಕೆಂಪಾಗಿ ಮರಳುಕಾಗದದ ಹಾಗೆ ತರಿತರಿಯಾಗುತ್ತದೆ. ಆ ಕೆಂಪು ಹೃದಯಕ್ಕೆ ಇಳಿಯುವಂಥದ್ದಲ್ಲ. ಹೆದರಬೇಕಾದ್ದು ರುಮ್ಯಾಟಿಕ್ ಜ್ವರಕ್ಕೆ: ಎರಡು ಮೂರು ವಾರ ಕಳೆದ ಮೇಲೆ, ರೋಗಾಣುವಿನ ಮೇಲೆ ಎದ್ದ ದೇಹದ ರಕ್ಷಣೆ ಕೀಲು, ಹೃದಯದ ಕವಾಟಗಳ ಮೇಲೇ ತಿರುಗಿಬೀಳುತ್ತದೆ. ಕಾಯಿಲೆ ಶುರುವಾದ 9 ದಿನದೊಳಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಹೊಟ್ಟೆಗೆ ಬಿದ್ದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ನೀನು ಎರಡನೇ ದಿನವೇ ಶುರು ಮಾಡಿದ್ದೀಯ. 19ನೇ ಶತಮಾನದ ಯುರೋಪಿನಲ್ಲಿ ಒಂದೇ ಮನೆಯಲ್ಲಿ ಹಲವು ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಈ ಔಷಧಿ ಇರಲಿಲ್ಲವಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಡಾಕ್ಟರ ಮಾತಿನ ನಡುವೆ ಬಾಯಿ ಹಾಕಿದೆನೆಂದುಕೊಳ್ಳಬೇಡ. ಅಮಾಕ್ಸಿಸಿಲಿನ್ ದಿನಕ್ಕೆ ಕಿಲೋಗೆ 50 ಮಿ.ಗ್ರಾಂ, ಹೆಚ್ಚೆಂದರೆ 1000. ಪಾಪು 16 ಕಿಲೋ, ಅಂದರೆ 800 ಮಿ.ಗ್ರಾಂ. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ಪಾದರೆ ಇಡೀ ದಿನಕ್ಕೆ ಒಟ್ಟು 16 ಮಿ.ಲೀ. ನಿನ್ನ ಚೀಟಿಯ ಲೆಕ್ಕ ಬೇರೆಯಿದ್ದರೆ ಅವರನ್ನೇ ಕೇಳು. ಅಡುಗೆಮನೆಯ ಚಮಚ ಬೇಡ, ಅಳತೆಯ ಸಿರಿಂಜ್ ತಗೋ. ಎಡವುವುದು ಮೂರನೇ ದಿನ: ಜ್ವರ ಬಿಟ್ಟಿತೆಂದು ಔಷಧಿ ನಿಲ್ಲಿಸುತ್ತಾರೆ, ರೋಗಾಣು ಗಂಟಲಲ್ಲೇ ಉಳಿಯುತ್ತದೆ. 10 ದಿನ ಪೂರ್ತಿ ಕೊಡು. ನೀರು ಬೆರೆಸಿದ ಸಿರಪ್ಪು ಅಷ್ಟು ದಿನ ಬಾಳದಿದ್ದರೆ ಹೊಸ ಶೀಶೆ ತಾ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಮಾತ್ರ ಬೇಡ. ಆಮೇಲೆ ಬೆರಳ ತುದಿ ಸಿಪ್ಪೆ ಸುಲಿದರೆ ಗಾಬರಿಯಾಗಬೇಡ, ಅದು ವಾಸಿಯಾಗುವ ಲಕ್ಷಣ.

ಮತ್ತೆ ಹೃದಯದ ಮಾತೇ ಬರುತ್ತದೆ. ಒಂದು ತಿಂಗಳು ಕಣ್ಣಿಟ್ಟಿರು. ಒಂದು ಕೀಲಿನಿಂದ ಇನ್ನೊಂದಕ್ಕೆ ಸರಿಯುವ ನೋವು, ಏದುಸಿರು, ಕೈಕಾಲು ತಾನಾಗಿ ಅದುರುವುದು ಕಂಡರೆ ಅಂದೇ ತೋರಿಸು. ಮುಖ ಊದಿ ಮೂತ್ರ ಕಂದಾದರೆ ಅದು ಮೂತ್ರಪಿಂಡದ್ದು. ಔಷಧಿ ಸರಿಯಾಗಿ ಕೊಟ್ಟರೂ ಬರಬಹುದು, ತಡಮಾಡಬೇಡ. ಔಷಧಿ ಶುರುವಾದ ತಾರೀಖು ಬರೆದಿಟ್ಟುಕೋ, ಆಗ ಡಾಕ್ಟರು ಮೊದಲು ಕೇಳುವುದು ಅದನ್ನೇ.

ಇಂತಿ,
ನಿನ್ನ ದೊಡ್ಡಪ್ಪ