ಲೋಡ್ ಇದ್ದಾಗ ಕೇಳುವ ಸದ್ದು ಜಾಬ್ ಕಾರ್ಡ್‌ನಲ್ಲೂ ಕಾಣಲಿ

ಮಾನ್ಯ ಸಂಪಾದಕರೇ,

ಸಾಲ ಮಾಡಿ ಹತ್ತು ಚಕ್ರದ ಒಂದು ಲಾರಿ ಕೊಂಡು, ಸೇಡಂ ಕಡೆಯ ಕಾರ್ಖಾನೆಗಳಿಂದ ಸಿಮೆಂಟ್ ಹೇರಿಕೊಂಡು ನಾನೇ ಓಡಿಸಿ ಜೀವನ ಸಾಗಿಸುತ್ತಿದ್ದೇನೆ. ಕೊಂಡ ಏಳನೆಯ ತಿಂಗಳಲ್ಲಿ ಹಿಂದಿನ ಹೌಸಿಂಗ್‌ನಿಂದ, ಅಂದರೆ ಹಿಂಚಕ್ರಗಳ ನಡುವಿನ ಗೇರುಗಳ ಕವಚದಿಂದ, ಸದ್ದು ಬರತೊಡಗಿತು. ಖಾಲಿ ಗಾಡಿಯಲ್ಲಿ ಅದು ಕೇಳಿಸುತ್ತಿರಲಿಲ್ಲ. ಲೋಡ್ ಇದ್ದು ವೇಗ ನಲವತ್ತು ದಾಟಿದರೆ ಮಾತ್ರ ಹಿಂದಿನಿಂದ ಒಂದೇ ಸಮನೆ ಕೂಗು ಏಳುತ್ತಿತ್ತು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೊಡನೆ ಅದರ ಧಾಟಿಯೇ ಬದಲಾಗುತ್ತಿತ್ತು. ಚಕ್ರದ ಬೇರಿಂಗ್ ಹೋಗಿದ್ದರೆ ಸದ್ದು ಸಾಮಾನ್ಯವಾಗಿ ತಿರುವಿನಲ್ಲಿ ಭಾರ ಒಂದು ಬದಿಗೆ ಬಿದ್ದಾಗ ಹೆಚ್ಚುಕಡಿಮೆಯಾಗುತ್ತದೆ. ಕಾಲಿನ ಒತ್ತಡಕ್ಕೆ ಬದಲಾಗುವ ಸದ್ದು ಬಹುಮಟ್ಟಿಗೆ ಆ ಹೌಸಿಂಗ್ ಒಳಗೆ ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ತಿರುಗಿಸುವ ಕ್ರೌನ್-ಪಿನಿಯನ್ ಗೇರ್ ಜೋಡಿಯ ಹಲ್ಲುಗಳು ಸರಿಯಾಗಿ ಕೂಡದಿರುವುದರ, ಇಲ್ಲವೇ ಪಿನಿಯನ್ ಬೇರಿಂಗ್ ಸಡಿಲಾಗಿರುವುದರ ಲಕ್ಷಣ. ಇಷ್ಟನ್ನು ನಮ್ಮ ಊರಿನ ಯಾವ ಹಳೆಯ ಮಿಸ್ತ್ರಿಯಾದರೂ ಹೇಳುತ್ತಾನೆ.

ಮಾರಾಟ ಮಾಡಿದ ಡೀಲರ್ ಮಾತ್ರ ಹೇಳಲಿಲ್ಲ. ಮೊದಲ ಸಲ ಹೋದಾಗ ಸರ್ವಿಸ್ ಅಡ್ವೈಸರ್ ಖಾಲಿ ಲಾರಿಯನ್ನು ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿಸಿ, ‘ಈ ಮಾಡೆಲ್‌ಗೆ ಇಷ್ಟು ಸದ್ದು ನಾರ್ಮಲ್’ ಎಂದು ಕೀಲಿಕೈ ವಾಪಸು ಕೊಟ್ಟರು. ಎರಡನೆಯ ಸಲ ಗೇರ್ ಆಯಿಲ್ ಬದಲಿಸಿ ಅದರ ಹಣವನ್ನೂ ನನ್ನಿಂದಲೇ ಪಡೆದರು. ಮನೆಗೆ ಬಂದು ಜಾಬ್ ಕಾರ್ಡ್, ಅಂದರೆ ಗಾಡಿಯ ದೂರು ಮತ್ತು ಮಾಡಿದ ಕೆಲಸ ಬರೆದುಕೊಡುವ ಸರ್ವಿಸ್ ಚೀಟಿ, ಬಿಡಿಸಿ ನೋಡಿದರೆ ಎರಡರಲ್ಲೂ ಬರೆದಿದ್ದು ‘ಜನರಲ್ ಚೆಕಪ್’ ಎಂದಷ್ಟೇ. ಹೌಸಿಂಗ್ ಎಂಬ ಶಬ್ದವಾಗಲಿ, ಸದ್ದು ಎಂಬ ಶಬ್ದವಾಗಲಿ ಅದರಲ್ಲಿರಲಿಲ್ಲ. ವಾರಂಟಿ ತಿಂಗಳ ಲೆಕ್ಕದಲ್ಲಿಯೂ ಕಿಲೋಮೀಟರ್ ಲೆಕ್ಕದಲ್ಲಿಯೂ ಓಡುತ್ತಿರುತ್ತದೆ, ಯಾವುದು ಮೊದಲು ಮುಗಿದರೂ ಮುಗಿದಂತೆ. ಅವಧಿ ಮುಗಿದ ಮರುದಿನ ಅದೇ ಸದ್ದಿಗೆ ಹೋದರೆ, ನಾನು ಮೊದಲೇ ದೂರು ಕೊಟ್ಟಿದ್ದೆ ಎನ್ನುವುದಕ್ಕೆ ನನ್ನ ಬಾಯಿಮಾತಲ್ಲದೆ ಬೇರೆ ಆಧಾರವೇ ಇರುತ್ತಿರಲಿಲ್ಲ.

ಮೂರನೆಯ ಸಲ ಆಯಿಲ್ ಇಳಿಸುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಮಸಿಯಂಥ ನುಣುಪು ಪುಡಿ ಅಂಟಿಕೊಳ್ಳುವುದು ಹೊಸ ಗಾಡಿಯಲ್ಲಿ ಸಹಜ. ಇದರಲ್ಲಿ ಬೆರಳಿಗೆ ಚುಚ್ಚುವ ಕಬ್ಬಿಣದ ಚೂರುಗಳಿದ್ದವು. ತೋರಿಸಿದೆ. ಆಗ ಮಾತು ಓವರ್‌ಲೋಡ್ ಕಡೆಗೆ ತಿರುಗಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್‌ನಿಂದ 28.5 ಟನ್‌ಗೆ ಏರಿಸಲಾಗಿದೆ, ನನ್ನ ಗಾಡಿ ಅದನ್ನು ಮೀರಿಲ್ಲ ಎಂಬುದಕ್ಕೆ ಕಾರ್ಖಾನೆಯ ತೂಕದ ಚೀಟಿಗಳಿದ್ದವು. ಪುಣ್ಯಕ್ಕೆ ನನ್ನ ಹೆಂಡತಿ ಅವನ್ನು ರೊಟ್ಟಿ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಳು. ಚೀಟಿ ಮುಂದಿಟ್ಟ ಮೇಲೆ, ‘ಲಾರಿ ಕಮರ್ಷಿಯಲ್ ಗಾಡಿ, ನಿಮಗೆ ಗ್ರಾಹಕರ ಕೋರ್ಟೂ ಸಿಗುವುದಿಲ್ಲ’ ಎಂಬ ಉಪದೇಶ ಬಂತು. ಇದು ಅರ್ಧ ಸತ್ಯ. ಲಾಭದ ವ್ಯಾಪಾರಕ್ಕಾಗಿ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊರಗಿಡುತ್ತದೆ ನಿಜ, ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಷ್ಟೇ ಕೊಂಡು ಬಳಸುವವನನ್ನು ಅದೇ ಕಾಯ್ದೆಯ ವಿವರಣೆ ಗ್ರಾಹಕನೆಂದೇ ಒಪ್ಪುತ್ತದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ, ತಾನು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೂ ಮೊದಲು 1915 ಸಂಖ್ಯೆಯ ಸಹಾಯವಾಣಿ ಇದೆ.

ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ನಾಲ್ಕನೆಯ ಸಲ ನನ್ನ ದೂರನ್ನು ನನ್ನ ಮಾತಿನಲ್ಲೇ ಬರೆಯದ ಹೊರತು ಜಾಬ್ ಕಾರ್ಡಿಗೆ ಸಹಿ ಹಾಕುವುದಿಲ್ಲ ಎಂದು ಕುಳಿತೆ, ತಯಾರಿಕಾ ಕಂಪನಿಗೆ ಮಗನ ಕೈಯಿಂದ ಇ-ಮೇಲ್ ಹಾಕಿಸಿದೆ. ಸಿಮೆಂಟ್ ಹೇರಿದ ಗಾಡಿಯಲ್ಲೇ ಅಡ್ವೈಸರನ್ನು ಕೂರಿಸಿಕೊಂಡು ಸೇಡಂ ರಸ್ತೆಯಲ್ಲಿ ಓಡಿಸಿದಾಗ ಅವರೇ ಕಿಟಕಿ ಏರಿಸಿ ಕಿವಿಗೊಟ್ಟರು. ಹೌಸಿಂಗ್ ಬಿಚ್ಚಿ, ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳದೆ ಅಂಚಿಗೆ ಬಿದ್ದಿತ್ತು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಾದವು, ವಾರಂಟಿಯಲ್ಲೇ. ಆದರೆ ಬಿಡಿಭಾಗ ಬರುವವರೆಗೆ ಗಾಡಿ ಹತ್ತೊಂಬತ್ತು ದಿನ ನಿಂತಿತು, ಬ್ಯಾಂಕಿನ ಕಂತು ನಿಲ್ಲಲಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಪರಸಿ ಕಲ್ಲು, ಸಿಮೆಂಟ್, ತೊಗರಿ ಸಾಗಿಸುವ ಒಂಟಿ ಲಾರಿಯ ಮಾಲೀಕರಿಗೆ ನನ್ನ ವಿನಂತಿ ಇಷ್ಟೇ: ದೂರು ಬರೆಸದೆ ಗಾಡಿ ಬಿಡಬೇಡಿ, ಪ್ರತಿ ಜಾಬ್ ಕಾರ್ಡಿನ ಪ್ರತಿ ಇಟ್ಟುಕೊಳ್ಳಿ. ಡೀಲರ್‌ಗಳಿಗೆ ಮತ್ತು ಅವರ ಮೇಲಿನ ಕಂಪನಿಗಳಿಗೆ ಹೇಳುವುದು ಎರಡು ಮಾತು. ಜಾಬ್ ಕಾರ್ಡಿನಲ್ಲಿ ಗ್ರಾಹಕ ಹೇಳಿದ್ದನ್ನು ಕನ್ನಡದಲ್ಲಿ ಬರೆಯಲು ಜಾಗ ಬಿಡಿ; ಲೋಡಿನಲ್ಲಿ ಬರುವ ಸದ್ದನ್ನು ಲೋಡಿನಲ್ಲೇ ಪರೀಕ್ಷಿಸಿ. ಗಾಡಿ ನಿಮ್ಮ ಶೆಡ್ಡಿನಲ್ಲಿ ನಿಂತ ದಿನಗಳನ್ನು ವಾರಂಟಿಗೆ ಸೇರಿಸಿ ಕೊಡುವಿರಾ ಎಂದು ನಾನು ಲಿಖಿತವಾಗಿ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

– ಒಬ್ಬ ಲಾರಿ ಮಾಲೀಕ ಹಾಗೂ ಚಾಲಕ, ಕಲಬುರಗಿ